ಕೈಯಲ್ಲೇ ಮಾಡಿದ ಲೋಗೋ ಓಡಾಡಬೇಕಾ? ಕಾಗದ, ಮರಳು, ಇದ್ದಿಲು, ಕಾಫಿ: ಯಾವುದು ಯಾರಿಗೆ

ಜೇನು ಮಾರುವ ಒಬ್ಬರು ಕಳೆದ ವರ್ಷ ಮಡಿಕೇರಿಯ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಎರಡು ಬಾಟಲಿ ಜೇನು, ಫೋನಿನಲ್ಲಿ ಅವರ ಲೋಗೋ. "ಅಕ್ಕ, ಇದು ಓಡಾಡೋ ಹಾಗೆ ಮಾಡಿಕೊಡಿ. ಆದರೆ ಕಂಪ್ಯೂಟರ್‌ನಲ್ಲಿ ಮಾಡಿದ ಹಾಗೆ ಕಾಣಬಾರದು, ಕೈಯಲ್ಲಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು" ಅಂದರು. ಕೈಯಲ್ಲಿ ಅಂದರೆ ಯಾವುದರಲ್ಲಿ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಮರಳು ಚಂದ ಕಾಣುತ್ತದೆ ಅಂತ ಮರಳಿನಲ್ಲೇ ಶುರು ಮಾಡಿದೆ. ಗಾಜಿನ ಕೆಳಗೆ ದೀಪ, ಮೇಲೆ ತೆಳ್ಳಗೆ ಹರಡಿದ ಮರಳು, ಅದರ ಮೇಲೆ ಬೆರಳು. ಜೇನುಹುಳ ಹಾರಿ ಬರುತ್ತದೆ, ರೆಕ್ಕೆಯ ಗಾಳಿಗೆ ಮರಳು ಸರಿದು ಹೆಸರು ಮೂಡುತ್ತದೆ. ಮರಳನ್ನು ಒಂಚೂರು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು, ಹೀಗೆ ಒಟ್ಟು 48 ಫೋಟೋ. ಅವನ್ನು ಸಾಲಾಗಿ ಓಡಿಸಿದರೆ ಲೋಗೋ ಓಡಾಡುತ್ತದೆ. ರಾತ್ರಿ 10ಕ್ಕೆ ಕೂತವಳು ಎದ್ದಾಗ 1 ಗಂಟೆ. ಬೆಳಗ್ಗೆ ವಿಡಿಯೋ ಕಳಿಸಿದ ಹತ್ತೇ ನಿಮಿಷಕ್ಕೆ ಫೋನ್ ಬಂತು. "ತುಂಬಾ ಚಂದ ಇದೆ ಅಕ್ಕ. ಆದರೆ ಹೆಸರಲ್ಲಿ ಒಂದು ಒತ್ತು ಕಾಣ್ತಾ ಇಲ್ವಲ್ಲ?" ನೋಡಿದೆ. ಹೌದು. ಒತ್ತಕ್ಷರದ ಸಣ್ಣ ಸುರುಳಿಗೆ ಮರಳು ಜಾರಿ ಮುಚ್ಚಿಹೋಗಿತ್ತು. ತಿದ್ದೋಣ ಅಂದರೆ ತಿದ್ದಲು ಏನಿದೆ? ಮರಳು ಆಗಲೇ ಡಬ್ಬ ಸೇರಿತ್ತು. ಮತ್ತೆ 48 ಫೋಟೋ.

ಅವತ್ತಿನಿಂದ ಯಾರೇ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ. ಫೋಟೋ ತೆಗೆದ ಮೇಲೆ ಚಿತ್ರ ಉಳಿಯುತ್ತದಾ, ಅಳಿಯುತ್ತದಾ?

ಕಾಗದದ ಮೇಲೆ ಒಂದೊಂದಾಗಿ ಬರೆದರೆ ಪ್ರತಿ ಚಿತ್ರವೂ ಉಳಿಯುತ್ತದೆ. 14ನೆಯದು ಕೆಟ್ಟಿದ್ದರೆ 14ನೆಯದನ್ನು ಮಾತ್ರ ಮತ್ತೆ ಬರೆದರಾಯಿತು. ಮರಳು, ಇದ್ದಿಲು, ಗಾಜಿನ ಮೇಲಿನ ಬಣ್ಣ, ಕ್ಲೇ ಇವು ಬೇರೆ ಜಾತಿ. ಇವುಗಳಲ್ಲಿ ಮುಂದಿನ ಚಿತ್ರ ಹುಟ್ಟಬೇಕಾದರೆ ಹಿಂದಿನದನ್ನು ಅಳಿಸಲೇಬೇಕು. ನಡುವೆ ತಪ್ಪಾದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಕತ್ತರಿಸಿದ ಕಾಗದ ಎರಡರ ನಡುವೆ ನಿಲ್ಲುತ್ತದೆ. ಅಲ್ಲಿ ತುಂಡುಗಳು ಉಳಿಯುತ್ತವೆ, ಅವು ಕೂತಿದ್ದ ಜಾಗ ಮಾತ್ರ ಅಳಿಯುತ್ತದೆ. ಮತ್ತೆ ಜೋಡಿಸಿ ಮತ್ತೆ ತೆಗೆಯಬಹುದು.

ನಿಮ್ಮದೇ ಅಂಗಡಿಯ ಲೋಗೋ ಆದರೆ ಯಾವುದನ್ನಾದರೂ ಹಿಡಿಯಿರಿ. ಬೇರೆಯವರಿಗೆ ಮಾಡಿಕೊಡುವುದಾದರೆ ಅವರು ಏನಾದರೂ ಬದಲಾಯಿಸಿ ಅಂತ ಕೇಳೇ ಕೇಳುತ್ತಾರೆ ಅಂದುಕೊಂಡೇ ಶುರು ಮಾಡಿ.

ಎಷ್ಟು ಚಿತ್ರ ಬೇಕು

ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತದೆ. ಹಾಗಂತ 24 ಚಿತ್ರ ಬರೆಯಬೇಕಿಲ್ಲ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 12 ಸಾಕು. ಮೂರು ಮೂರು ನಿಲ್ಲಿಸಿದರೆ 8. ಸ್ವಲ್ಪ ಕುಂಟಿದ ಹಾಗೆ ಕಾಣುತ್ತದೆ, ಆದರೆ ಕೈಕೆಲಸಕ್ಕೆ ಆ ಕುಂಟು ಒಪ್ಪುತ್ತದೆ. ಲೋಗೋ 4 ಸೆಕೆಂಡಿಗಿಂತ ಉದ್ದ ಬೇಡ. ಅದಕ್ಕಿಂತ ಜಾಸ್ತಿ ಹೊತ್ತು ಜೇನುಹುಳವನ್ನು ನೋಡುತ್ತಾ ಕೂರುವವರು ಜೇನು ಸಾಕಿದವರು ಮಾತ್ರ. 12ರ ಲೆಕ್ಕ ಹಿಡಿದರೆ 4 ಸೆಕೆಂಡಿಗೆ 48 ಚಿತ್ರ.

ಕಾಗದದಲ್ಲಿ ಇದನ್ನೂ ಇಳಿಸಬಹುದು. ಓಡಾಟ ಮೊದಲ 2 ಸೆಕೆಂಡಿಗೆ ಮುಗಿಯಲಿ. ಅದಕ್ಕೆ 24 ಚಿತ್ರ. ಕೊನೆಯ 2 ಸೆಕೆಂಡ್ ಲೋಗೋ ಸುಮ್ನೆ ನಿಂತಿರಬೇಕು, ಅಲ್ವಾ? ಒಂದೇ ಚಿತ್ರ ನಿಲ್ಲಿಸಿದರೆ ಜೀವ ಹೋದ ಹಾಗಾಗುತ್ತದೆ. ಅದೇ ಚಿತ್ರವನ್ನು ಮೂರು ಸಲ ಟ್ರೇಸ್ ಮಾಡಿ, ಮೂರನ್ನೂ ಸರದಿಯಲ್ಲಿ ಓಡಿಸಿ. ಮೂರು ಗೆರೆಗಳೂ ಒಂಚೂರು ಬೇರೆ ಇರುತ್ತವಲ್ಲ, ಅದರಿಂದ ಚಿತ್ರ ನಿಂತಲ್ಲೇ ಉಸಿರಾಡಿದಂತೆ ಕಾಣುತ್ತದೆ. ಹೀಗೆ 48 ಹೋಗಿ 27 ಆಯಿತು. ಮರಳಿನಲ್ಲಿ ಈ ಉಪಾಯಕ್ಕೆ ಕೈ ತುಂಬಾ ಹಗುರ ಇರಬೇಕು. ಮೂರು ಸಲ ಮುಟ್ಟುವಷ್ಟರಲ್ಲಿ ಅಕ್ಷರದ ಅಂಚು ಒಡೆಯುತ್ತದೆ.

ದೂರದರ್ಶನದ ಹಳೇ ಲೋಗೋ ನೆನಪಿರಬಹುದು. ಬಾಗಿದ ಎರಡು ಆಕಾರಗಳು ತಿರುಗಿ ತಿರುಗಿ ಬಂದು ಕಣ್ಣಾಗುತ್ತವೆ, ಹಿಂದೆ ರವಿಶಂಕರ್ ಅವರ ಸಂಗೀತ. 1970ರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಹುಟ್ಟಿದ ಚಿಹ್ನೆ ಅದು. ಬರೆದವರು ದೇವಾಶಿಸ್ ಭಟ್ಟಾಚಾರ್ಯ. ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗೆ ಇಟ್ಟು, ತಿರುಗಿಸುತ್ತಾ ಒಂದೊಂದೇ ಫ್ರೇಮ್ ತೆಗೆದದ್ದು. ಒಂದು ಪೀಳಿಗೆಗೇ ಬಾಯಿಪಾಠ ಆಗಿರುವ ಲೋಗೋ ಕೂಡ ಕಾಗದವೇ.

ಕಾಗದ, ಮತ್ತು ಕಾಫಿ ಬಣ್ಣ

ಹತ್ತರಲ್ಲಿ ಏಳು ಜನಕ್ಕೆ ನಾನು ಹೇಳುವುದು ಇದನ್ನೇ. ಸಮಯ ಜಾಸ್ತಿ ಹಿಡಿಯುತ್ತದೆ, ಒಪ್ಪುತ್ತೇನೆ. ಒಂದು ಹಾಳೆಗೆ 20 ನಿಮಿಷ ಅಂದರೂ 27 ಹಾಳೆಗೆ 9 ಗಂಟೆ. ಆದರೆ ಈ 9 ಗಂಟೆಯನ್ನು ವಾರ ಪೂರ್ತಿ ಹಂಚಿಕೊಳ್ಳಬಹುದು. ನಡುವೆ ತೋಟಕ್ಕೆ ಹೋಗಿ ಬರಬಹುದು, ನೆಂಟರು ಬಂದರೆ ಎದ್ದು ಹೋಗಬಹುದು. ಮರಳಿಗೆ ಕೂತರೆ ಬಾಗಿಲು ತಟ್ಟಿದರೂ ಏಳುವ ಹಾಗಿಲ್ಲ.

ಕಾಗದದ ದೊಡ್ಡ ತಲೆನೋವು ಅಂದರೆ ಹಾಳೆ ಜರುಗುವುದು. ಪ್ರತಿ ಹಾಳೆಯೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಲೋಗೋ ಜ್ವರ ಬಂದ ಹಾಗೆ ನಡುಗುತ್ತದೆ. ಸ್ಟುಡಿಯೋಗಳಲ್ಲಿ ಇದಕ್ಕೆ ಮೊಳೆಪಟ್ಟಿ ಇರುತ್ತದೆ. ನಮ್ಮಲ್ಲಿ ಅದನ್ನು ಹುಡುಕಿಕೊಂಡು ಹೋಗುವುದು ಬೇಡ. ಆಫೀಸಿನ ಸಾಮಾನ್ಯ ಪಂಚಿಂಗ್ ಮೆಷಿನ್ ಇದೆಯಲ್ಲ, ಅದರ ಎರಡು ತೂತುಗಳ ನಡುವೆ 80 ಮಿಲಿಮೀಟರ್ ಅಂತರ, ತೂತಿನ ಅಗಲ 6 ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯಿಂದ 6 ಮಿಲಿಮೀಟರಿನ ಎರಡು ಬೋಲ್ಟ್ ತಂದು, ಒಂದು ಪ್ಲೈವುಡ್ ತುಂಡಿಗೆ 80 ಮಿಲಿಮೀಟರ್ ದೂರದಲ್ಲಿ ಕೂರಿಸಿ. ಹಾಳೆ ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ನನ್ನ ಹಲಗೆಗೆ ಈಗ ನಾಲ್ಕು ವರ್ಷ. ಬೋಲ್ಟ್ ತುಕ್ಕು ಹಿಡಿದಿದೆ, ಚಿತ್ರ ಮಾತ್ರ ಅಲುಗಿಲ್ಲ.

ಟ್ರೇಸ್ ಮಾಡಲು ಲೈಟ್ ಬಾಕ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಗಾಜು, ಕೆಳಗೆ ಎಲ್‌ಇಡಿ ಬಲ್ಬ್. ಗಾಜಿನ ಅಂಚಿಗೆ ಟೇಪ್ ಸುತ್ತಲು ಮರೆಯಬೇಡಿ. ಹಾಳೆಯ ದಪ್ಪ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವುದೇ ಜಿಎಸ್‌ಎಂ) 80 ಜಿಎಸ್‌ಎಂ ಆದರೆ ಕೆಳಗಿನ ಗೆರೆ ಚೆನ್ನಾಗಿ ಕಾಣುತ್ತದೆ, ಆದರೆ ನೀರು ಬಿದ್ದ ಕೂಡಲೇ ಹಪ್ಪಳ ಆಗುತ್ತದೆ. 300 ಜಿಎಸ್‌ಎಂ ನೀರನ್ನು ತಡೆಯುತ್ತದೆ, ಗೆರೆಯನ್ನೂ ಮುಚ್ಚುತ್ತದೆ. ನಡುವಿನ 200 ನನಗೆ ಒಗ್ಗಿದೆ.

ಇನ್ನು ಬಣ್ಣ. ಕೊಡಗಿನ ಹೋಮ್‌ಸ್ಟೇಗೋ ಕಾಫಿಪುಡಿ ಅಂಗಡಿಗೋ ಲೋಗೋ ಮಾಡುವಾಗ ಕಾಫಿಯಲ್ಲೇ ಬರೆಯೋಣ ಅನ್ನಿಸುವುದು ಸಹಜ. ಬರೆಯಿರಿ, ಚಂದ ಬರುತ್ತದೆ. ಇನ್‌ಸ್ಟಂಟ್ ಪುಡಿ ಪೂರ್ತಿ ಕರಗುವುದರಿಂದ ಕೆಲಸ ಸುಲಭ. ಫಿಲ್ಟರ್ ಡಿಕಾಕ್ಷನ್ ಆದರೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಸಕ್ಕರೆ ಮುಟ್ಟಿದ ಚಮಚ ಕೂಡ ಹತ್ತಿರ ಬೇಡ, ಬೆಳಗಾಗುವಷ್ಟರಲ್ಲಿ ಇರುವೆಗಳು ನಿಮ್ಮ ಲೋಗೋದಲ್ಲಿ ಬೇರೆಯೇ ಅನಿಮೇಷನ್ ಮಾಡಿರುತ್ತವೆ. ತುಂಬಾ ಗಟ್ಟಿಯಾಗಿ ಹಚ್ಚಿದರೂ ಕಷ್ಟ. ಒಣಗಿದ ಮೇಲೂ ಅಂಟಂಟಾಗಿ ಹೊಳೆಯುತ್ತದೆ, ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕಾಫಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೊದಲ ಹಾಳೆಗೆ ಹಚ್ಚಿದ ಕಂದು 27ನೆಯ ಹಾಳೆಗೆ ಬರುವುದಿಲ್ಲ. ಲೋಟದಲ್ಲಿ ನೀರು ಆರುತ್ತದೆ, ಬಣ್ಣ ಗಟ್ಟಿಯಾಗುತ್ತದೆ, ನೀವು ಇನ್ನಷ್ಟು ನೀರು ಸುರಿಯುತ್ತೀರಿ. ವಿಡಿಯೋ ಓಡಿಸಿದರೆ ಲೋಗೋ ವೋಲ್ಟೇಜ್ ಇಲ್ಲದ ಬಲ್ಬಿನ ಹಾಗೆ ಮಿಣುಕುತ್ತದೆ. ಅದಕ್ಕೇ ಮೊದಲೇ ಮೂರು ಮುಚ್ಚಳದ ಬಾಟಲಿಯಲ್ಲಿ ತೆಳು, ನಡು, ದಟ್ಟ ಅಂತ ಮೂರು ಬಣ್ಣ ಪೂರ್ತಿ ಕೆಲಸಕ್ಕೆ ಆಗುವಷ್ಟು ಮಾಡಿಟ್ಟುಕೊಳ್ಳಿ. ಒಂದು ಹಾಳೆ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ತೆಳು ಬಣ್ಣವನ್ನು 27ಕ್ಕೂ ಒಂದೇ ಸಲ ಕೂತು ಹಾಕಿ. ಒಣಗಿದ ಮೇಲೆ ನಡು ಬಣ್ಣ, ಮತ್ತೆ 27ಕ್ಕೂ. ಬಾಟಲಿ ಫ್ರಿಜ್‌ನಲ್ಲಿರಲಿ, ಹೊರಗಿಟ್ಟರೆ ಕಾಫಿಗೆ ಬೂಷ್ಟು ಬರುತ್ತದೆ.

ಒಣಗಿದ ಮೇಲೆ ಅಂದೆ. ಜುಲೈನಲ್ಲಿ ಆ ಮಾತು ಹೇಳಿ ನೋಡಿ! ಕೊಡವರ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಮನೆಯಲ್ಲಿ ಸಾಕ್ಸ್ ಒಣಗಲು ನಾಲ್ಕು ದಿನ ಬೇಕು. ಒಮ್ಮೆ ಹೇರ್ ಡ್ರೈಯರ್ ಹಿಡಿದು ಎಂಟು ಹಾಳೆ ಒಣಗಿಸಿದೆ, ಕರೆಂಟ್ ಹೋಯಿತು. ಉಳಿದವನ್ನು ಚಿಕ್ಕಮ್ಮನ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಮೊರದ ಪಕ್ಕ ಹರಡಿದೆ. ಒಣಗಿದವು. ಆದರೆ ಡ್ರೈಯರ್ ಕಂಡ ಎಂಟು ಹಾಳೆ ಬೆಳ್ಳಗೆ, ಹೊಗೆ ಕಂಡ ಹತ್ತೊಂಬತ್ತು ಹಳದಿ. ಕಂಪ್ಯೂಟರಿನಲ್ಲಿ ಸರಿ ಮಾಡಲು ಎರಡು ದಿನ ಹೋಯಿತು. ಕಾಫಿ, ಜಲವರ್ಣದ ಕೆಲಸವನ್ನು ಮಳೆ ಶುರುವಾಗುವ ಮೊದಲೇ ಮುಗಿಸಿ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ.

ಇದೇ ಕಕ್ಕಡದಲ್ಲಿ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದ್ದೆ. ಕಕ್ಕಡ 18ರಂದು ಪಾಯಸಕ್ಕೆ ಮದ್ದುಸೊಪ್ಪು ಅನ್ನುವ ಔಷಧಿ ಎಲೆ ಕುದಿಸುತ್ತೇವಲ್ಲ, ಆ ನೇರಳೆ ರಸದಲ್ಲಿ ಒಂದು ಹೂವು ಬರೆದೆ. ಅಂಗಡಿಯ ಯಾವ ಬಣ್ಣದಲ್ಲೂ ಆ ನೇರಳೆ ಸಿಕ್ಕಿಲ್ಲ ನನಗೆ. ನನ್ನ ಹಾಳೆಯಲ್ಲಿ ಅದು ಎರಡೇ ವಾರಕ್ಕೆ ಮಾಸಿತು. ಬರೆದ ದಿನವೇ ಸ್ಕ್ಯಾನ್ ಮಾಡಿದ್ದರಿಂದ ವಿಡಿಯೋದಲ್ಲಿ ಮಾತ್ರ ಇನ್ನೂ ಹಾಗೇ ಇದೆ.

ಬಣ್ಣ ಹಚ್ಚಿದ ಹಾಳೆಯನ್ನು ಫೋಟೋ ತೆಗೆಯುವುದಕ್ಕಿಂತ ಸ್ಕ್ಯಾನ್ ಮಾಡುವುದು ಮೇಲು. ಅಲೆಯೆದ್ದ ಹಾಳೆಯ ನೆರಳು ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ. ಸ್ಕ್ಯಾನರಿನ ಮುಚ್ಚಳ ಅದನ್ನು ಒತ್ತಿ ಹಿಡಿಯುತ್ತದೆ.

ಚಿತ್ರ ಬರೆಯಲು ಬಾರದವರಿಗೆ: ಕತ್ತರಿ

ಮಡಿಕೇರಿ ದಸರಾದ ದಶಮಂಟಪ, ಅಂದರೆ ಅಲುಗಾಡುವ ಬೊಂಬೆಗಳ ಹತ್ತು ಮಂಟಪಗಳ ಮೆರವಣಿಗೆ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಅಲ್ಲಿ ರಾಕ್ಷಸನ ಕೈ ಎತ್ತುತ್ತದೆ, ತಲೆ ತಿರುಗುತ್ತದೆ, ದೇಹ ಮಾತ್ರ ಇದ್ದಲ್ಲೇ ಇರುತ್ತದೆ. ಕತ್ತರಿಸಿದ ಕಾಗದದ ಅನಿಮೇಷನ್ನೂ ಹಾಗೇ. ಜೇನುಹುಳದ ಹೊಟ್ಟೆ ಒಂದು ತುಂಡು, ರೆಕ್ಕೆ ಎರಡು ತುಂಡು. ರೆಕ್ಕೆಯನ್ನು ಒಂಚೂರು ಸರಿಸಿ, ಫೋಟೋ ತೆಗೆಯಿರಿ. ಮತ್ತೆ ಸರಿಸಿ, ಮತ್ತೆ ಫೋಟೋ. ಜರ್ಮನಿಯ ಲೊಟ್ಟೆ ರೈನಿಗರ್ 1920ರ ದಶಕದಲ್ಲೇ ಕಪ್ಪು ಕಾಗದ ಕತ್ತರಿಸಿ ಇಡೀ ಚಲನಚಿತ್ರ ಮಾಡಿದ್ದರು. ನಮಗೆ ತೊಗಲುಗೊಂಬೆ ಗೊತ್ತು. ನೆರಳಿನ ಆಟ ಹೊಸದೇನಲ್ಲ.

ಇದರ ಲಾಭ ಏನೆಂದರೆ ಆಕಾರ ಕೊನೆಯವರೆಗೂ ಬದಲಾಗುವುದಿಲ್ಲ. ಲೋಗೋದಲ್ಲಿ ಕೊಡವರ ಅಗಲ ಕತ್ತಿ ಒಡಿಕತ್ತಿ ಇದ್ದರೆ, ಮೊದಲ ಫ್ರೇಮಿನ ಒಡಿಕತ್ತಿಯೂ ಕೊನೆಯ ಫ್ರೇಮಿನ ಒಡಿಕತ್ತಿಯೂ ಅದೇ ಕಾಗದ. ಅಕ್ಷರಗಳೂ ಅಷ್ಟೇ. ಪ್ರಿಂಟ್ ತೆಗೆದು ಕತ್ತರಿಸಿದರೆ ಒತ್ತು, ದೀರ್ಘ, ಎಲ್ಲ ಜಾಗದಲ್ಲೇ ಇರುತ್ತವೆ. ಟ್ರೇಡ್‌ಮಾರ್ಕ್ ಮಾಡಿಸಿದ ಲೋಗೋ ಇದ್ದು, ಅದರ ಆಕಾರ ಕೂದಲೆಳೆಯಷ್ಟೂ ಬದಲಾಗಬಾರದು ಅನ್ನುವವರಿಗೆ ಇದೇ ದಾರಿ. ಕತ್ತರಿಸಲು ಎರಡು ಗಂಟೆ ಹೋದರೆ, ಒಂದೊಂದು ಫೋಟೋಗೆ ಒಂದು ನಿಮಿಷ. ಒಂದೇ ಸಂಜೆಗೆ ಮುಗಿಯುತ್ತದೆ. ಫ್ಯಾನ್ ಆಫ್ ಮಾಡಿ. ಸೀನಬೇಡಿ.

ಮಳೆಗಾಲದಲ್ಲಿ ತುಂಡಿನ ಅಂಚು ಸುರುಳಿ ಆಗುತ್ತದೆ. ಮೇಲೊಂದು ಗಾಜು ಹೊದಿಸಿದರೆ ಸರಿ, ಆದರೆ ಆ ಗಾಜಿನಲ್ಲಿ ನಿಮ್ಮ ಫೋನೂ ನಿಮ್ಮ ಮುಖವೂ ಕಾಣುತ್ತವೆ. ಕಪ್ಪು ಬಟ್ಟೆಗೆ ಲೆನ್ಸ್ ಅಗಲದ ತೂತು ಮಾಡಿ ಫೋನಿಗೆ ಪರದೆ ಕಟ್ಟಬೇಕು. ಕತ್ತರಿಕಾಗದಕ್ಕೆ ಇರುವ ನಿಜವಾದ ಮಿತಿ ಇನ್ನೊಂದು. ಎಲ್ಲವೂ ಸ್ವಲ್ಪ ಬೊಂಬೆಯಂತೆಯೇ ನಡೆಯುತ್ತದೆ. ಹೊಗೆ, ನೀರು, ಮಂಜು ಇದರಲ್ಲಿ ಬರುವುದಿಲ್ಲ. ಕಾವೇರಿ ಹರಿಯಬೇಕು ಅಂದರೆ ಬೇರೆ ಮಾಧ್ಯಮ ನೋಡಿ.

ಅಳಿಯುವ ಮೂರು

ಮರಳಿಗೆ ಬರೋಣ. ಬೈದೆ ಅಂತ ಕೈಬಿಟ್ಟಿಲ್ಲ. ನೋಡಿದವರು ಸ್ಕ್ರೋಲ್ ಮಾಡುವ ಬೆರಳನ್ನು ನಿಲ್ಲಿಸುವುದು ಇದಕ್ಕೇ. ಒಂದು ಆಕಾರ ಕರಗಿ ಇನ್ನೊಂದಾಗುವುದನ್ನು ಮರಳು ತೋರಿಸುವಷ್ಟು ಸಲೀಸಾಗಿ ಬೇರೇನೂ ತೋರಿಸುವುದಿಲ್ಲ. ಕಾಫಿ ಹೂವು ಹಕ್ಕಿಯಾಗಿ ಹಾರಬೇಕಾ? ಮರಳು. ಹೊಳೆಯ ಮರಳು ದಪ್ಪ, ಟೀ ಸೋಸುವ ಜಾಲರಿಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಅದಕ್ಕೂ ತೇವ ಹಿಡಿದು ಉಂಡೆ ಕಟ್ಟುತ್ತದೆ. ಹಳೇ ಬಾಣಲೆಯಲ್ಲಿ ರವೆ ಹುರಿದ ಹಾಗೆ ಹುರಿದು, ಪೂರ್ತಿ ಆರಿದ ಮೇಲೆ ಗಾಜಿಗೆ ಹಾಕಿ. ಬಿಸಿ ಮರಳು ಹಾಕಿದರೆ ಗಾಜು ಸೀಳುತ್ತದೆ. ಮರಳಿನ ಬದಲು ಕಾಫಿಪುಡಿಯನ್ನೂ ಹಾಕಿ ನೋಡಿದ್ದೇನೆ. ಚಿಕೋರಿ ಬೆರೆತ ಪುಡಿ ಗಾಳಿಯ ತೇವ ಎಳೆದುಕೊಂಡು ಬೆರಳಿಗೆ ಮೆತ್ತುತ್ತದೆ. ಶುದ್ಧ ಕಾಫಿಪುಡಿ ಪರವಾಗಿಲ್ಲ, ಮನೆಯಿಡೀ ಪರಿಮಳ.

ಅಕ್ಷರಕ್ಕೆ ಮರಳು ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷ್ ಅಕ್ಷರ ನೇರ ಗೆರೆಯಲ್ಲಿ ಹೇಗೋ ನಿಲ್ಲುತ್ತದೆ. ನಮ್ಮದೆಲ್ಲ ದುಂಡು, ಅದರ ಕೆಳಗೊಂದು ಒತ್ತು, ಪಕ್ಕದಲ್ಲೊಂದು ದೀರ್ಘ. ಪೊರಕೆ ಕಡ್ಡಿಯಲ್ಲಿ ಬಿಡಿಸಿದರೂ ಸುರುಳಿ ಮುಚ್ಚುತ್ತದೆ. ಚಿತ್ರವನ್ನು ಮರಳಿನಲ್ಲಿ ಮಾಡಿ, ಹೆಸರನ್ನು ಕತ್ತರಿಸಿದ ಕಾಗದದಲ್ಲೋ ಕುಂಚದಲ್ಲೋ ಬೇರೆ ಮಾಡಿ, ಕೊನೆಗೆ ಎರಡನ್ನೂ ಜೋಡಿಸಿ. ಜೇನಿನವರಿಗೆ ಎರಡನೇ ಸಲ ಹಾಗೇ ಮಾಡಿಕೊಟ್ಟೆ. ಆಮೇಲೆ ಅವರು ಹೆಸರಿನ ಕೆಳಗೆ ಊರಿನ ಹೆಸರೂ ಬೇಕು ಅಂದರು. ಹತ್ತು ನಿಮಿಷದ ಕೆಲಸ ಆಯಿತು.

ಇದ್ದಿಲು ಮಂಜಿಗೆ ಹೇಳಿ ಮಾಡಿಸಿದ ಮಾಧ್ಯಮ. ಒಂದೇ ದಪ್ಪ ಹಾಳೆ. ಬರೆಯುವುದು, ಫೋಟೋ ತೆಗೆಯುವುದು, ಸ್ವಲ್ಪ ಒರೆಸುವುದು, ಮತ್ತೆ ಬರೆಯುವುದು. ಒರೆಸಿದ್ದು ಪೂರ್ತಿ ಹೋಗುವುದಿಲ್ಲ, ಬೂದು ಕಲೆ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಆ ಕಲೆಯನ್ನೇ ತಮ್ಮ ಕಲೆಯಾಗಿ ಮಾಡಿಕೊಂಡವರು. ರಾಜಾಸೀಟಿನಿಂದ ಬೆಳಗ್ಗೆ ಕಾಣುವ ಬೆಟ್ಟಸಾಲು, ಮಂಜು ಸರಿದು ಮನೆಯೊಂದು ಮೂಡುವುದು, ಇಂಥವು ಇದ್ದಿಲಿನಲ್ಲಿ ಅರ್ಧ ತಾನಾಗಿಯೇ ಆಗುತ್ತವೆ. ಒಲೆಯ ಇದ್ದಿಲು ಬೇಡ, ಗಟ್ಟಿ ಇರುತ್ತದೆ, ಹಾಳೆ ಗೀರುತ್ತದೆ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ಮೆದು ಕಡ್ಡಿ ತನ್ನಿ. ಹೊಳಪು ಬಣ್ಣದ ಬ್ರ್ಯಾಂಡ್ ಇರುವವರು, ಮಕ್ಕಳ ಸಾಮಾನು ಮಾರುವವರು ಇದರ ಹತ್ತಿರ ಬರುವುದು ಬೇಡ. ದುಃಖದ ಸಿನಿಮಾ ಶುರುವಾಗುತ್ತಿದೆ ಅನ್ನಿಸುತ್ತದೆ.

ಮೂರನೆಯದು ಗಾಜಿನ ಮೇಲೆ ಎಣ್ಣೆಬಣ್ಣ. ಎಣ್ಣೆಬಣ್ಣ ತಡವಾಗಿ ಒಣಗುವುದೇ ಇಲ್ಲಿ ಅನುಕೂಲ. ಕೊಡಗಿನ ಮಳೆಗೆ ಹೆದರದ ಬಣ್ಣ ಇದೊಂದೇ. ಬೆರಳು, ಬಟ್ಟೆ, ಕುಂಚದಲ್ಲಿ ಗಂಟೆಗಟ್ಟಲೆ ತಳ್ಳಾಡಬಹುದು. ಅಕ್ರಿಲಿಕ್ ಬೇಗ ಗಟ್ಟಿಯಾಗುತ್ತದೆ, ಜಲವರ್ಣ ಗಾಜಿನ ಮೇಲೆ ಹನಿ ಹನಿಯಾಗಿ ಒಡೆಯುತ್ತದೆ. ಟರ್ಪೆಂಟೈನ್ ವಾಸನೆ ಇರುವುದರಿಂದ ಕಿಟಕಿ ತೆರೆದಿರಬೇಕು. ಕಿಟಕಿ ತೆರೆದರೆ ಬೆಳಕು ಬದಲಾಗುತ್ತದೆ. ಅದಕ್ಕೇ ರಾತ್ರಿ ಮಾಡಿ. ಚಿತ್ರಕಲೆ ಕಲಿತವರಿಗೆ ಇದು ಹಬ್ಬ. ಹೊಸಬರಿಗೆ ನಾನು ಹೇಳುವುದಿಲ್ಲ.

ಕ್ಲೇ, ಕಾಫಿ ಬೀಜ

ಕ್ಲೇ ಲೋಗೋಗೆ ಅಪರೂಪಕ್ಕೆ ಹೊಂದುತ್ತದೆ. ಚಾಕೊಲೇಟ್, ಬೇಕರಿ, ಮಕ್ಕಳ ಶಿಬಿರ, ಅಷ್ಟೇ. ಹೊಲದ ಜೇಡಿಮಣ್ಣು ಒಣಗಿ ಬಿರಿಯುತ್ತದೆ, ಎಣ್ಣೆ ಬೆರೆತ ಆಟದ ಕ್ಲೇ ತನ್ನಿ. ಡಿಸೆಂಬರಿನ ಚಳಿಯಲ್ಲಿ ಅದು ಕಲ್ಲಾಗುತ್ತದೆ, ಅಂಗೈಯಲ್ಲಿ ನಾದಬೇಕು.

ಕಾಫಿ ಬೀಜಗಳು ಉರುಳಿ ಬಂದು ಹೆಸರಾಗುವ ವಿಡಿಯೋ ಸುಲಭ. ಒಂದು ಮಧ್ಯಾಹ್ನದ ಕೆಲಸ. ಆದರೆ ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ಎಷ್ಟು ಬೋರ್ಡಿನಲ್ಲಿ ಕಾಫಿ ಬೀಜ ಇಲ್ಲ ಹೇಳಿ. ಮಾಡಲೇಬೇಕು ಅಂದರೆ ನಿಮ್ಮ ತೋಟದ ಬೀಜವನ್ನೇ ಇಡಿ. ಅರೇಬಿಕಾ ಸ್ವಲ್ಪ ಉದ್ದ, ನಡುವಿನ ಗೆರೆ ಬಳುಕುತ್ತದೆ. ರೊಬಸ್ಟಾ ದುಂಡಗೆ, ಗೆರೆ ನೇರ. ಅರೇಬಿಕಾ ಅಂತ ಬರೆದು ರೊಬಸ್ಟಾ ಓಡಾಡಿಸಿದರೆ ಬೇರೆ ಊರಿನವರಿಗೆ ಗೊತ್ತಾಗದಿರಬಹುದು, ಪಕ್ಕದ ತೋಟದವರು ನಗುತ್ತಾರೆ. ಹುರಿದ ಬೀಜದ ಎಣ್ಣೆ ಕಾಗದಕ್ಕೆ ಕಲೆ ಹಚ್ಚುತ್ತದೆ. ಚಪ್ಪಟೆ ಬದಿ ಕೆಳಗೆ ಮಾಡಿದರೆ ಬೀಜ ಉರುಳುವುದಿಲ್ಲ. ಕಾಳುಮೆಣಸಿಗೆ ಚಪ್ಪಟೆ ಬದಿಯೇ ಇಲ್ಲ, ಅದರ ಸಹವಾಸ ಬೇಡ.

ಹಿಂದುಮುಂದಾಗಿ ತೆಗೆಯಿರಿ

ಮರಳು, ಬೀಜ, ಕತ್ತರಿಕಾಗದ, ಕ್ಲೇ ಯಾವುದೇ ಇರಲಿ, ಈ ಒಂದು ಉಪಾಯ ಅರ್ಧ ಕಷ್ಟ ಕಳೆಯುತ್ತದೆ. ಮೊದಲು ಪೂರ್ತಿಯಾದ ಲೋಗೋವನ್ನು ನಿಧಾನವಾಗಿ, ಅಚ್ಚುಕಟ್ಟಾಗಿ ಜೋಡಿಸಿ. ಫೋಟೋ ತೆಗೆಯಿರಿ. ಅದನ್ನು ಗಿರಾಕಿಗೆ ಕಳಿಸಿ, ಒತ್ತು, ದೀರ್ಘ, ಎಲ್ಲ ಸರಿ ಇದೆಯಾ ಅಂತ ಕೇಳಿ. ಹೂಂ ಅಂದ ಮೇಲೆ ಒಂದೊಂದಾಗಿ ಕೆಡಿಸುತ್ತಾ ಹೋಗಿ. ಕೊನೆಗೆ ವಿಡಿಯೋವನ್ನು ಹಿಂದಿನಿಂದ ಮುಂದಕ್ಕೆ ಓಡಿಸಿದರೆ ಚೆಲ್ಲಾಪಿಲ್ಲಿ ಬೀಜಗಳು ತಾವಾಗಿಯೇ ಬಂದು ಹೆಸರಾಗುತ್ತವೆ. ಕೊನೆಯ ಫ್ರೇಮ್ ಅಪ್ಪಟವಾಗಿರುತ್ತದೆ. ಕೆಡಿಸುವುದು ಕಟ್ಟುವುದಕ್ಕಿಂತ ಎಷ್ಟೋ ಬೇಗ. ಇದ್ದಿಲಿಗೆ ಮಾತ್ರ ಇದು ನಡೆಯುವುದಿಲ್ಲ. ಒರೆಸಿದ ಕಲೆ ಉಳಿಯುತ್ತದಲ್ಲ, ತಿರುಗಿಸಿ ಓಡಿಸಿದರೆ ಇನ್ನೂ ಬಾರದ ಚಿತ್ರದ ನೆರಳು ಮೊದಲೇ ಕಾಣುತ್ತದೆ.

ಬೆಳಕು, ಫೋನು

ಒಳ್ಳೆಯ ಕ್ಯಾಮೆರಾ ಬೇಕಿಲ್ಲ, ಅಲುಗದ ಫೋನ್ ಬೇಕು. ಫೋಕಸ್, ಬೆಳಕು, ಬಣ್ಣದ ಹೊಂದಾಣಿಕೆ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಪ್ರತಿ ಫೋಟೋಗೂ ಫೋನ್ ತನ್ನ ಬುದ್ಧಿ ಓಡಿಸುತ್ತದೆ. ಪರದೆ ಮುಟ್ಟಿ ಫೋಟೋ ತೆಗೆಯಬೇಡಿ. ವೈರ್ ಇರುವ ಇಯರ್‌ಫೋನ್ ಚುಚ್ಚಿದರೆ ಅನೇಕ ಫೋನುಗಳಲ್ಲಿ ಅದರ ವಾಲ್ಯೂಮ್ ಬಟನ್ನೇ ಕ್ಲಿಕ್ ಆಗುತ್ತದೆ.

ಕಿಟಕಿಯ ಬೆಳಕನ್ನು ನಂಬಬೇಡಿ. ಮಡಿಕೇರಿಯಲ್ಲಿ ಹತ್ತು ನಿಮಿಷದಲ್ಲಿ ಬಿಸಿಲು, ಮಂಜು, ಜಡಿಮಳೆ ಮೂರೂ ಬಂದು ಹೋಗುತ್ತವೆ. ಪರದೆ ಎಳೆದು ಎರಡು ಬಲ್ಬ್ ಹಾಕಿ. ನಮ್ಮ ಕರೆಂಟ್ 50 ಹರ್ಟ್ಸಿನದು, ಹಾಗಾಗಿ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಬಲ್ಬಿನ ಮಿಣುಕು ಬಹುಮಟ್ಟಿಗೆ ಹೋಗುತ್ತದೆ. ಬಲ್ಬನ್ನು ಇನ್ವರ್ಟರ್ ಲೈನಿನಲ್ಲೇ ಹಾಕಿ. ಅಳಿಯುವ ಮಾಧ್ಯಮ ಹಿಡಿದವರಿಗೆ ಇದು ಕಡ್ಡಾಯ. 30ನೆಯ ಫ್ರೇಮಿನಲ್ಲಿ ಕರೆಂಟ್ ಹೋಗಿ, ಕತ್ತಲಲ್ಲಿ ಟಾರ್ಚ್ ಹುಡುಕುತ್ತಾ ಗಾಜಿಗೆ ಮೊಣಕೈ ತಗುಲಿಸಿದವಳ ಮಾತು ಕೇಳಿ.

ಫೋಟೋಗಳನ್ನು ಪೋಣಿಸಲು ಸ್ಟಾಪ್ ಮೋಷನ್ ಸ್ಟುಡಿಯೋ ಥರದ ಆ್ಯಪ್ ಸಾಕು. ಸ್ಕ್ಯಾನ್ ಮಾಡಿದ್ದಾದರೆ ಕೃತಾ, ಬ್ಲೆಂಡರ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್ ಎರಡೂ ಉಚಿತ. ಕೊನೆಗೆ ಎಂಪಿ4 ಮಾಡಿ. ಜಿಫ್‌ನಲ್ಲಿ 256 ಬಣ್ಣ ಮಾತ್ರ ಇರುವುದರಿಂದ ಕಾಫಿಯ ನವಿರು ಕಂದು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಕತ್ತರಿಕಾಗದಕ್ಕೆ ಜಿಫ್ ಆದರೂ ನಡೆಯುತ್ತದೆ, ಅಲ್ಲಿ ಇರುವುದೇ ನಾಲ್ಕು ಬಣ್ಣ. ತೆಗೆಯುವಾಗ ಸುತ್ತ ಧಾರಾಳ ಜಾಗ ಬಿಡಿ. ಒಬ್ಬರಿಗೆ ಚೌಕ ಬೇಕು, ಇನ್ನೊಬ್ಬರಿಗೆ ಸ್ಟೇಟಸ್‌ಗೆ ಉದ್ದ ಬೇಕು.

ಹಾಗಾದರೆ ಯಾವುದು?

ನಿಮ್ಮ ಗಿರಾಕಿ ಮನಸ್ಸು ಬದಲಾಯಿಸುವವರಾದರೆ ಕಾಗದ. ಚಿತ್ರ ಬರೆಯಲು ಬಾರದಿದ್ದರೆ, ಅಥವಾ ನಾಡಿದ್ದೇ ಅಂಗಡಿ ಉದ್ಘಾಟನೆ ಅಂದರೆ ಕತ್ತರಿ. ಆಕಾರ ಕರಗಿ ಬದಲಾಗಬೇಕು, ರಾತ್ರಿ ಮೂರು ಗಂಟೆಗಳ ಕಾಲ ಯಾರೂ ಕರೆಯುವುದಿಲ್ಲ ಅಂದರೆ ಮರಳು. ಮಂಜು, ಕುಟುಂಬದ ಮೂಲಮನೆಯಾದ ಹಳೇ ಐನ್‌ಮನೆ, ನೆನಪು ಇಂಥ ಭಾವ ಬೇಕಾದರೆ ಇದ್ದಿಲು. ಈಗ ಜುಲೈ ಆಗಿದ್ದು ನಿಮಗೆ ಕಾಫಿ ಬಣ್ಣವೇ ಬೇಕೆಂದರೆ ಕಾಯಿರಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿಯಲಿ, ಬಿಸಿಲು ಬರಲಿ. ಅಲ್ಲಿಯವರೆಗೆ ಪೆನ್ಸಿಲ್‌ನಲ್ಲಿ 27 ಹಾಳೆ ಬರೆದಿಟ್ಟುಕೊಳ್ಳಿ.

ಬರೆದ ಪ್ರತಿ ಹಾಳೆಯ ಕೆಳಮೂಲೆಗೆ ನಂಬರ್ ಹಾಕಿ. ಪೆನ್ಸಿಲ್‌ನಲ್ಲಿ, ಸಣ್ಣದಾಗಿ. ನನ್ನ 27 ಹಾಳೆ ಒಮ್ಮೆ ಚಿಕ್ಕಮ್ಮನ ಮನೆಯ ಅಟ್ಟದ ಏಣಿಯಿಂದ ಜಾರಿ ಅಂಗಳಕ್ಕೆ ಬಿದ್ದವು. ನಂಬರ್ ಇರಲಿಲ್ಲ. ಜೇನುಹುಳ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಚಿಕ್ಕಮ್ಮ, ನಾನು, ಪಕ್ಕದ ಮನೆಯ ಹುಡುಗ ಮೂವರೂ ಜಗಲಿಯಲ್ಲಿ ಕೂತು ಕತ್ತಲಾಗುವವರೆಗೆ ಹಾಳೆ ಜೋಡಿಸಿದೆವು. 19 ಮತ್ತು 20 ಈಗಲೂ ಅದಲುಬದಲಾಗಿಯೇ ಇವೆ.